ಚಿಗವ್ವನ ಓಟು

ಆ ವರ್ಷದ ಏಪ್ರಿಲ್ ಪೂರ್ತಿ ಜಯಂತನಿಗೆ ಫೋನೇ ಕೆಲಸವಾಗಿತ್ತು. ಡಲ್ಲಾಸ್ ಬಳಿಯ ಲೂಯಿಸ್‌ವಿಲ್ಲಿನ ಮನೆಯ ಹಿತ್ತಲಲ್ಲಿ ಅಡ್ಡಾಡುತ್ತ, ಗದಗಿನ ಕಡೆಯ ತನ್ನ ಹಳ್ಳಿಯ ಒಬ್ಬೊಬ್ಬರಿಗೂ ಫೋನ್ ಹಚ್ಚಿ, ವಿಧಾನಸಭೆ ಚುನಾವಣೆಯಲ್ಲಿ ತನ್ನ ಕಾಲೇಜು ಗೆಳೆಯನಿಗೇ ಓಟು ಹಾಕಬೇಕೆಂದು ಮಾತು ತೆಗೆದುಕೊಳ್ಳುತ್ತಿದ್ದ. ಅಮೆರಿಕದ ಪೌರತ್ವ ಪಡೆದವನಿಗೆ ಅಲ್ಲಿ ಓಟಿಲ್ಲ, ಇದೊಂದೇ ದಾರಿ. ಹೆಂಡತಿ ವಿಜಯಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತ, ಆ ಕಡೆ ಹೂಂಗುಟ್ಟುವವರು ನಿಜಕ್ಕೂ ಏನು ಮಾಡಿಯಾರು ಎಂದು ಯೋಚಿಸುತ್ತಿದ್ದಳು. ಅವಳಿಗೆ ಹೆಚ್ಚಿನ ಕುತೂಹಲ ಇದ್ದದ್ದು ಗಂಡನನ್ನು ಸಾಕಿ ಬೆಳೆಸಿದ ಚಿಕ್ಕಮ್ಮ, ಅವನ ಚಿಗವ್ವ, ನಿಂಗವ್ವನ ಬಗ್ಗೆ. ಎಲ್ಲರೂ ಆಣೆ ಮಾಡಿದ್ದರು. ನಿಂಗವ್ವ ಮಾತ್ರ, "ನೋಡೂಣಂತ ತಮ್ಮಾ," ಅಂದಿದ್ದಳು.

ಮೇ ಐದು, ಭಾನುವಾರ. ಇಲ್ಲಿ ಬೆಳಗಾಗುವಷ್ಟರಲ್ಲಿ ಅಲ್ಲಿ ಮತದಾನ ಮುಗಿದಿತ್ತು. ಜಯಂತ ಎಷ್ಟು ಪ್ರಯತ್ನಿಸಿದರೂ ಚಿಗವ್ವನಿಗೆ ಫೋನ್ ಹತ್ತಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಒಫೇಲಿಯಾ ಬಾಗಿಲು ಬಡಿದಳು. ಅಂದೇ ಮೆಕ್ಸಿಕೋದವರ ಸಿಂಕೋ ದೆ ಮಾಯೋ, ಮೇ ಐದರ ಹಬ್ಬ. ಡಲ್ಲಾಸಿನ ಮೆರವಣಿಗೆಯಲ್ಲಿ ಅವಳ ಮಗಳು ಕುದುರೆ ಏರುವವಳಿದ್ದಳು, ಇವರು ಬರಲೇಬೇಕು. ಜಯಂತ ಫೋನನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೊರಟ.

ಬೀದಿಯುದ್ದಕ್ಕೂ ಬಣ್ಣದ ಕಾಗದದ ತೋರಣ. ಸುಟ್ಟ ಮೆಕ್ಕೆಜೋಳದ ತೆನೆಗೆ ನಿಂಬೆಹುಳಿ, ಖಾರ ಸವರಿ ಮಾರುತ್ತಿದ್ದರು; ಜಯಂತನೂ ಒಂದು ಕೊಂಡ. ಆನೆಯ ಘೀಳಿನಂಥ ದನಿಯ ದೊಡ್ಡ ಕಹಳೆಗಳ ಹಿಂದೆ ಕುದುರೆಗಳು ತಾಳಕ್ಕೆ ಸರಿಯಾಗಿ ಕಾಲೆತ್ತಿ ಕುಣಿಯುತ್ತ ಬಂದವು. ನೆರಿಗೆ ನೆರಿಗೆಯ ಲಂಗ ತೊಟ್ಟ ಹುಡುಗಿಯರು ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು ಕೂತಿದ್ದರು. ಜಾರುವುದಿಲ್ಲವೇ ಎಂದು ವಿಜಯಾ ಕತ್ತು ಚಾಚಿ ನೋಡುತ್ತಿರುವಾಗಲೇ ಫೋನ್ ಹತ್ತಿತು. ಗದ್ದಲದಲ್ಲಿ ಕೇಳಲೆಂದು ಜಯಂತ ಸ್ಪೀಕರ್ ಹಾಕಿದ.

"ಚಿಗವ್ವಾ, ಓಟು ಹಾಕಿದೇನು?"

"ಹಾಕಿದೆ."

"ಯಾರಿಗೆ?"

"ಅದನ್ನ ಹೇಳಬಾರದಂತಲ್ಲೋ."

"ನನಗೂ?"

"ನಿಮ್ಮ ಕಾಕಾಗೂ ಹೇಳಿಲ್ಲ."

ಜಯಂತನ ಮುಖ ಇಳಿಯಿತು. ವಿಜಯಾ ನಗು ತಡೆದು ಫೋನ್ ಇಸಿದುಕೊಂಡಳು.

"ಯವ್ವಾ ವಿಜಯಾ, ಏನದು ಬಾಜಾ? ಯಾರ ಮದುವಿ?"

"ಮದುವಿ ಅಲ್ರೀ ಅತ್ತಿ. ಹಬ್ಬ. ಕುದುರಿ ಕುಣ್ಯಾಕತ್ತಾವ."

"ಕುದುರಿ! ಯಾವ ದೇವರ ಹಬ್ಬ?"

"ದೇವರದಲ್ಲ. ಮೆಕ್ಸಿಕೋದ ಮಂದಿ ಹಿಂದ ಯಾವುದೋ ಯುದ್ಧ ಗೆದ್ದಿದ್ದರಂತ."

"ಯಾರನ್ನ?"

ವಿಜಯಾಗೆ ತಿಳಿಯದು. ಒಫೇಲಿಯಾಳನ್ನು ಕೇಳಿದಳು. "ಫ್ರೆಂಚರನ್ನು," ಎಂದಳು ಅವಳು. "ಆದರೆ ತಮಾಷೆ ಏನು ಗೊತ್ತಾ? ಮೆಕ್ಸಿಕೋದಲ್ಲಿ ನಾನು ಹುಟ್ಟಿದೂರಲ್ಲಿ ಇದನ್ನು ಯಾರೂ ಹೀಗೆ ಆಚರಿಸೋದಿಲ್ಲ. ನಾನು ಮೊದಲು ಕುಣಿದದ್ದೇ ಡಲ್ಲಾಸಿಗೆ ಬಂದ ಮೇಲೆ."

ವಿಜಯಾ ಅದನ್ನು ಕನ್ನಡ ಮಾಡಿ ಹೇಳಿದ್ದೇ ತಡ, ಅತ್ತಲಿಂದ ನಗೆ ಉಕ್ಕಿತು. "ನಮ್ಮ ಜಯಂತಾನೂ ಅದ ಪೈಕಿ ನೋಡವಾ! ಇಲ್ಲಿದ್ದಾಗ ಓಟಿನ ದಿನಾ ಮಕ್ಕೊಂಡ ಇರತಿದ್ದ. ಎಬ್ಬಿಸಿದರ ಬೈತಿದ್ದ."

ಜಯಂತ ಎಲ್ಲವನ್ನೂ ಕೇಳಿಸಿಕೊಂಡ. ಅವನ ಕಿವಿ ಕೆಂಪಾದವು. ಸಿಡುಕಿಯಾನೆಂದು ವಿಜಯಾ ಕಾದಳು. ಅವನು ತೆನೆಯನ್ನೊಮ್ಮೆ ಕಚ್ಚಿ, "ಹೌದು, ಮಕ್ಕೊಂಡಿರತಿದ್ದೆ," ಅಂದ.

ಹಿಂದಿರುಗುವಾಗ ಕಾರಿನಲ್ಲಿ ಅವನು ಇದ್ದಕ್ಕಿದ್ದಂತೆ, "ನೀ ಅಲ್ಲಿದ್ದಿದ್ದರ ಯಾರಿಗೆ ಹಾಕತಿದ್ದಿ?" ಎಂದ.

ಮದುವೆಯಾದಾಗಿನಿಂದ ಅವನು ಈ ಪ್ರಶ್ನೆ ಕೇಳಿದ್ದೇ ಇಲ್ಲ. ನಿಜ ಹೇಳಿದರೆ ಏನಾಗುತ್ತದೆ ನೋಡಬೇಕೆನ್ನಿಸಿತು ಅವಳಿಗೆ.

"ನಿಮ್ಮ ಗೆಳೆಯಾಗಲ್ಲ. ಅವನ ಎದುರು ನಿಂತಿದ್ದರಲ್ಲ, ಆ ಸಾಲಿ ಕಲಸೂ ಅಕ್ಕೋರಿಗೆ."

"ಯಾಕ?"

"ಮೊದಲ ನಿಮ್ಮೂರಾಗ ಏಳನೇ ಕ್ಲಾಸ್ ಆದಮ್ಯಾಲ ಹುಡುಗ್ಯಾರು ಮನ್ಯಾಗ ಕೂಡತಿದ್ದರು. ಹೈಸ್ಕೂಲ್ ತರಿಸಿದಾಕಿ ಆಕಿನ. ನಿಮ್ಮ ಗೆಳೆಯಾ ಬ್ಯಾನರ್ ಬಿಟ್ಟು ಏನ ತರಿಸ್ಯಾನ ಹೇಳ್ರಿ?"

ಅವನು ವಾದಕ್ಕಿಳಿಯಲಿಲ್ಲ. "ಅದು ನನಗ ಗೊತ್ತ ಇರಲಿಲ್ಲ," ಎಂದಷ್ಟೇ ಅಂದ.

ಬುಧವಾರ ಫಲಿತಾಂಶ ಬಂತು. ಗೆಳೆಯನೂ ಸೋತ, ಅಕ್ಕೋರೂ ಸೋತರು. ಯಾರ ಬಾಯಲ್ಲೂ ಇಲ್ಲದ ಮೂರನೆಯವನೊಬ್ಬ ಗೆದ್ದ. ಜಯಂತ ಎರಡು ದಿನ ಮಂಕಾಗಿದ್ದ.

ಆ ಶನಿವಾರ ಅವರು ವಾಸಿಸುವ ಊರಿನಲ್ಲೇ ಶಾಲಾ ಮಂಡಳಿಯ ಚುನಾವಣೆಯಿತ್ತು. ಪ್ರತಿ ಸಲ ಬಂದು ಹೋಗುತ್ತಿತ್ತು, ಇಬ್ಬರಿಗೂ ಇಲ್ಲಿ ಓಟಿದ್ದರೂ ಇವರು ತಿರುಗಿಯೂ ನೋಡಿರಲಿಲ್ಲ. ಈ ಸಲ ವಿಜಯಾ ಹೊರಟು ನಿಂತಳು. ಜಯಂತನೂ ಚಪ್ಪಲಿ ಮೆಟ್ಟಿದ. ಮತಗಟ್ಟೆಯ ಮುಂದೆ ಕಾರು ನಿಲ್ಲಿಸುವಲ್ಲಿ ಸಾಲಾಗಿ ನೆಟ್ಟ ಅಭ್ಯರ್ಥಿಗಳ ಫಲಕಗಳಲ್ಲಿ ಒಂದು ಹೆಸರೂ ಇಬ್ಬರಿಗೂ ಗೊತ್ತಿಲ್ಲ. ಓಟು ಹಾಕಿ ಹೊರಬಂದ ಮುದುಕನೊಬ್ಬ ಮರದ ನೆರಳಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ. ವಿಜಯಾ ನೇರವಾಗಿ ಅವನ ಬಳಿ ಹೋಗಿ, ಇವರೆಲ್ಲ ಯಾರು, ಏನು ಮಾಡಿದ್ದಾರೆ ಎಂದು ಕೇಳಿದಳು. ಮುದುಕನ ಕಣ್ಣರಳಿದವು. ಶಾಲೆ ಬಸ್ಸುಗಳ ಕತೆಯಿಂದ ಶುರು ಮಾಡಿದ. ಜಯಂತ ಪಕ್ಕಕ್ಕೆ ಬಂದು, ಕೈಕಟ್ಟಿ ನಿಂತು, ಕೇಳತೊಡಗಿದ.