ತಾಮ್ರ ಕಾಯುವ ಹೊತ್ತು

ಮಗಳು ಶವಪೆಟ್ಟಿಗೆಯಲ್ಲಿ ಮಲಗಿದ್ದ ತಾಯಿಯ ಅಂಗಿಯ ತೋಳನ್ನು ಮೊಣಕೈವರೆಗೆ ಮಡಚುತ್ತಿದ್ದಳು.

"ಇಳಿಸಮ್ಮ, ಸುಟ್ಟ ಕಲೆ ಕಾಣುತ್ತೆ," ಎಂದರು ಸೋದರಮಾವ.

"ಇರಲಿ ಬಿಡಿ," ಎಂದ ಲೇತಿನಣ್ಣ. ಪ್ರಯೋಗಶಾಲೆಯ ಲೇತ್ ಯಂತ್ರ ನಡೆಸುತ್ತ ಮೂವತ್ತು ವರ್ಷ ಆಕೆಯ ಜೊತೆಗಿದ್ದವನು. "ಅಕ್ಕ ತೋಳು ಇಳಿಸಿದ್ದನ್ನ ನಾನಂತೂ ನೋಡಿಲ್ಲ."

ಪರದೆಯಿಂದ ಸೋಸಿ ಬಂದ ಹಳದಿ ಬೆಳಕು ತಾಯಿಯ ಮುಖದ ಮೇಲೆ ಬಿದ್ದಿತ್ತು. ಊಟದ ನಂತರ ಹಾಗೇ ಜೊಂಪು ಹತ್ತಿದಂತಿದ್ದಳು.

"ದೊಡ್ಡ ಹುದ್ದೆ ಮನೆ ಬಾಗಿಲಿಗೇ ಬಂದಿತ್ತು," ಮಾವ ನಿಟ್ಟುಸಿರಿಟ್ಟರು. "ಒಂದು ರುಜು ಹಾಕಿದ್ರೆ ಸಾಕಿತ್ತು. ನಮ್ಮಕ್ಕನ ಹಟ ನಿಂಗೊತ್ತಲ್ಲ."

"ಯಾವ ರುಜು ಮಾವ?"

ಮಾವನಿಗೂ ಅದು ಗೊತ್ತಿರಲಿಲ್ಲ. ಲೇತಿನಣ್ಣ ಹೇಳತೊಡಗಿದ.

*

ಉಕ್ಕಿನ ಕಾರ್ಖಾನೆಗೆ ತಾಮ್ರದ ಅಚ್ಚು ಬೇಕಿತ್ತು. ಒಳಗೆ ಕರಗಿದ ಉಕ್ಕು, ಹೊರಮೈಗೆ ಹರಿಯುವ ತಣ್ಣೀರು. ತಾಮ್ರ ಬೇಗ ಕಾವು ಹೀರುತ್ತದೆ, ಆದರೆ ಬರಿ ತಾಮ್ರ ಬಿಸಿಗೆ ಮೆತ್ತಗಾಗುತ್ತದೆ. ಚಿಟಿಕೆ ಕ್ರೋಮಿಯಂ, ಅದಕ್ಕಿಂತ ಕಡಿಮೆ ಜಿರ್ಕೋನಿಯಂ ಬೆರೆಸಿ ಅದನ್ನು ಗಟ್ಟಿ ಮಾಡುವ ಹದವನ್ನು ಆಕೆ ಹುಡುಕುತ್ತಿದ್ದಳು. ಆ ಬೆರಕೆಯ ಹನ್ನೆರಡು ತಗಡು ಪರೀಕ್ಷೆಯಲ್ಲಿ ಗೆದ್ದವು. ಹದಿಮೂರನೆಯದರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಒಂದು ಕಪ್ಪು ಗೆರೆ ಕಂಡಿತು.

"ಕೂದಲೆಳೆಯಷ್ಟು. ಯಾರ ಕಣ್ಣಿಗೆ ಬೀಳುತ್ತಮ್ಮ? ಎಲ್ಲ ಸರಿಯಿದೆ ಅಂತ ರುಜು ಹಾಕಿಬಿಡಿ," ಎಂದರು ಪ್ರಯೋಗಶಾಲೆಯ ಮುಖ್ಯಸ್ಥರು.

"ನೀರಿನ ಕಣ್ಣಿಗೆ ಬೀಳುತ್ತೆ ಸಾರ್. ಆ ಬಿರುಕಲ್ಲಿ ನೀರು ನುಗ್ಗಿ ಕರಗಿದ ಉಕ್ಕನ್ನ ಮುಟ್ಟಿದ್ರೆ ಅಚ್ಚಿನ ಪಕ್ಕ ನಿಂತವರು ಉಳಿಯಲ್ಲ."

ಆಕೆ ರುಜು ಹಾಕಲಿಲ್ಲ. ಹುದ್ದೆ ಬೇರೆಯವರ ಪಾಲಾಯಿತು. ಆಕೆಗೆ ಹಿತ್ತಲ ಕೋಣೆ, ಒಂದು ಹಳೆಯ ಕುಲುಮೆ ಸಿಕ್ಕಿತು. ಯಾರೂ ಕರೆಯದೆಯೇ ಲೇತಿನಣ್ಣನೂ ಅಲ್ಲಿಗೆ ಬಂದ.

"ಕಾದಾಗಲೇ ಬಡೀಬೇಕು ಅಂತಾರಲ್ಲಕ್ಕ?"

"ಅದು ಕಬ್ಬಿಣದ ಮಾತು ಕಣೋ. ಇಲ್ಲಿ ತಾಮ್ರ ಕಾಯುತ್ತೆ, ನಾವೂ ಕಾಯ್ತೀವಿ."

ಮಧ್ಯಾಹ್ನವೆಲ್ಲ ಇಬ್ಬರೂ ಕುಲುಮೆಯ ಮುಂದೆ ಕೂರುತ್ತಿದ್ದರು. ಒಳಗಿನ ಮಂದ ಕಾವಿನಲ್ಲಿ, ಲೋಹದ ಒಡಲೊಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳು ಮಂಜಿನ ಹಾಗೆ ಕಟ್ಟಿಕೊಳ್ಳುತ್ತವಂತೆ. ಆಕೆ ಕಣ್ಣು ಮುಚ್ಚಿಕೊಂಡು ಅದನ್ನೇ ನೋಡುತ್ತಿದ್ದಳು. ಹೀಗೆ ಏಳು ವರ್ಷ. ಕೊನೆಗೊಂದು ದಿನ ಯಾವ ತಗಡಿನಲ್ಲೂ ಗೆರೆ ಕಾಣಲಿಲ್ಲ. ಆಕೆ ರುಜು ಹಾಕಿದಳು.

*

"ಅದು ನನ್ನ ಶಾಲೆ ನಾಟಕದ ದಿನವಾ?" ಮಗಳು ಮೆಲ್ಲಗೆ ಕೇಳಿದಳು.

"ಹೌದಮ್ಮ. ಅಕ್ಕನಿಗೆ ನೆನಪಾದಾಗ ಹೊತ್ತು ಮೀರಿತ್ತು. ದಾರಿಯುದ್ದಕ್ಕೂ ಓಡಿದ್ರು."

ತಾನು ತಿಂಗಳುಗಟ್ಟಲೆ ಮುಖ ಊದಿಸಿಕೊಂಡದ್ದು ಅವಳಿಗೆ ನೆನಪಿತ್ತು. "ತಪ್ಪಾಯ್ತು ಮರಿ" ಎಂಬುದರ ಆಚೆಗೆ ಅಮ್ಮ ಏನೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ.

ಪೆಟ್ಟಿಗೆ ಎತ್ತುವ ಹೊತ್ತಿಗೆ ನಾಲ್ವರು ಅಪರಿಚಿತರು ಕೆಲಸದ ಬಟ್ಟೆಯಲ್ಲೇ ಬಂದು ಬಾಗಿಲಲ್ಲಿ ನಿಂತರು.

"ಉಕ್ಕಿನ ಕಾರ್ಖಾನೆಯವರು," ಎಂದ ಹಿರಿಯ. "ಹೋದ ತಿಂಗಳು ನೀರಿನ ಪಂಪು ನಿಂತುಹೋಯ್ತು. ಅಚ್ಚಿನ ತುಂಬ ಕರಗಿದ ಉಕ್ಕು ಇತ್ತು. ನಾವು ಏಣಿ ಇಳಿದು ಓಡೋವರೆಗೂ ಅಚ್ಚು ಬಿರಿಯಲಿಲ್ಲ. ಮಾಡಿದವರು ಯಾರು ಅಂತ ಕೇಳ್ಕೊಂಡು, ಹುಡುಕ್ಕೊಂಡು ಬಂದ್ವಿ." ತಲೆ ತಗ್ಗಿಸಿದ. "ಒಂದು ದಿನ ತಡವಾಯ್ತು."

ಮಾವ ತಾವು ಹಿಡಿದಿದ್ದ ಪೆಟ್ಟಿಗೆಯ ಮೂಲೆಯನ್ನು ಬಿಟ್ಟು ಪಕ್ಕಕ್ಕೆ ಸರಿದರು.

ನಾಲ್ವರೂ ಹೆಗಲು ಕೊಟ್ಟರು. ಒಬ್ಬ ಗಿಡ್ಡ; ಪೆಟ್ಟಿಗೆ ಅವನ ಕಡೆ ವಾಲಿತು. ಮಗಳು ತನ್ನ ಶಾಲು ತೆಗೆದು, ನಾಲ್ಕು ಮಡಿಕೆ ಮಾಡಿ ಅವನ ಹೆಗಲ ಮೇಲೆ ಒತ್ತಾಗಿ ಇಟ್ಟಳು. ಪೆಟ್ಟಿಗೆ ಮಟ್ಟವಾಯಿತು. ತುಂಬಿದ ಪಾತ್ರೆ ಹೊತ್ತವರಂತೆ, ತುಳುಕದ ಹಾಗೆ, ಅವರು ಬಿಸಿಲಿಗಿಳಿದರು.