ಕರಿ ಕಲ್ಲು, ಬಿಳಿ ಕಲ್ಲು

ಹಿತ್ತಲಲ್ಲಿ ಏನೋ ತೇಯುವ ಸದ್ದು. ಸರಕ್, ಸರಕ್. ಸ್ವಲ್ಪ ನಿಂತು ಮತ್ತೆ ಸರಕ್. ನಮ್ಮ ಬಡಾವಣೆ ಒಂಟಿಕೊಪ್ಪಲೆಲ್ಲ ಮಲಗಿದ್ದ ಹೊತ್ತು. ಪಕ್ಕದಲ್ಲಿ ನನ್ನ ಗಂಡ ರುದ್ರಸ್ವಾಮಿ ಗೊರಕೆ ಹೊಡೆಯುತ್ತಿದ್ದರು. ಅತ್ತೆ ಯಾರಿಗೋ ಮದ್ದು ತೇಯುತ್ತಿರಬೇಕೆಂದು ಮಗ್ಗುಲು ಬದಲಿಸಿದೆ. ಆದರೆ ಸದ್ದು ಎಂದಿನಂತಿರಲಿಲ್ಲ, ಒರಟಾಗಿತ್ತು. ಎದ್ದು ಕೂತೆ.

ನಮ್ಮ ಹಿತ್ತಲು ಚಿಕ್ಕದು. ಅದರಲ್ಲೇ ಒಂದೆಲಗ, ದೊಡ್ಡಪತ್ರೆ, ಆಡುಸೋಗೆ, ಕಾಂಪೌಂಡಿಗೆ ಹಬ್ಬಿದ ಅಮೃತಬಳ್ಳಿ, ಹಳೇ ಸಿಮೆಂಟ್ ತೊಟ್ಟಿಯ ಕೆಸರಿನಲ್ಲಿ ಬಜೆ. ಬೆಳೆಸುವವಳು ನಾನು, ಮದ್ದು ಕೊಡುವವರು ಅತ್ತೆ ಪುಟ್ಟಬಸಮ್ಮ. ಮೂಲೆಯಲ್ಲಿ ಒಂದು ಉಮ್ಮತ್ತಿ ಗಿಡವೂ ಇದೆ. ಅದು ವಿಷ. ಅದರ ಬೇರು ತೇಯ್ದು ಅತ್ತೆ ತಮ್ಮ ಮಂಡಿನೋವಿಗೆ ಹಚ್ಚಿಕೊಳ್ಳುತ್ತಾರೆ. ಅದಕ್ಕೇ ಮನೆಯಲ್ಲಿ ಎರಡು ಸಾಣೆಕಲ್ಲುಗಳಿವೆ. ಬಿಳಿ ಕಲ್ಲು ಬಾಯಿಗೆ, ಕರಿ ಕಲ್ಲು ಮೈಗೆ. ಅತ್ತೆಯ ಅತ್ತೆ ಮಾಡಿದ ಕಟ್ಟಳೆ ಅದು, ಯಾರೂ ಮೀರಿದವರಿಲ್ಲ.

ಹಿತ್ತಲ ಬಾಗಿಲು ತೆಗೆಯುವಷ್ಟರಲ್ಲಿ ಸದ್ದು ನಿಂತಿತ್ತು. ಹೊರಗಿನ ಮೆಟ್ಟಿಲಲ್ಲಿ ಯಾರೋ ಹತ್ತಿ ಹೋದ ಹೆಜ್ಜೆ ಕೇಳಿಸಿತು. ಮಂಕು ಬಲ್ಬಿನ ಕೆಳಗೆ ಅತ್ತೆ ಕೈ ತೊಳೆಯುತ್ತಿದ್ದರು.

"ಯಾರಿಗೆ ಅತ್ತೆ ಈ ಹೊತ್ತಲ್ಲಿ?"

"ಮೇಲಿನ ಮನೆ ಕೂಸಿಗೆ ಕಣೇ. ಕೆಮ್ಮಿ ಕೆಮ್ಮಿ ಸುಸ್ತಾಗ್ಬುಟ್ಟದೆ. ಬಜೆ ತೇಯ್ದು ಒಳಲೇಲಿ ಕೊಟ್ಟೆ, ದಿವ್ಯ ಈಗ ತಗೊಂಡೋದ್ಲು."

ಅವರ ಕಾಲ ಬಳಿ ಕರಿ ಕಲ್ಲು ಒದ್ದೆಯಾಗಿ ಕೂತಿತ್ತು. ಬಿಳಿ ಕಲ್ಲು ಗೂಡಿನಲ್ಲಿ ಒಣಗಿತ್ತು.

"ಯಾವ ಕಲ್ಲಲ್ಲಿ ತೇಯ್ದಿರಿ?"

"ಬಿಳೀದ್ರಲ್ಲೇ. ಅಷ್ಟೂ ಗೊತ್ತಾಗಕಿಲ್ವ ನಂಗೆ? ನಿನ್ನ ಮದುವೆಗೆ ಮುಂಚಿಂದ ತೇಯ್ತಿವ್ನಿ."

ಕರಿ ಕಲ್ಲನ್ನು ಮುಂದಿಟ್ಟುಕೊಂಡೇ ಅವರು ಹಾಗೆಂದರು. ಬಗ್ಗಿ ಮುಟ್ಟಿ ನೋಡಿದೆ. ಅಂಚಿನಲ್ಲಿ ಸಂಜೆ ತೇಯ್ದ ಉಮ್ಮತ್ತಿಯ ಗಸಿ ನೀರು ಕುಡಿದು ಮೆತ್ತಗಾಗಿತ್ತು.

ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು. ದಿವ್ಯಳ ಗಂಡ ಕುಮಾರ್ ಮೇಟಗಳ್ಳಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯಲ್ಲಿದ್ದ. ಅವಳೊಬ್ಬಳೇ ಕೂಸು ಅಭಿರಾಮನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು.

"ಕುಡಿಸಿಬಿಟ್ಟೆಯಾ?"

"ಎಲ್ಲಿ ಅಕ್ಕ! ಎರಡು ಸಲ ನೆಕ್ಸಿದೆ, ಮೂತಿ ಸೊಟ್ಟ ಮಾಡಿ ಉಗಿದ್ಬುಟ್ಟ. ಅಜ್ಜಿ ಮದ್ದು ಅಂದ್ರೆ ಥೇಟ್ ಅವರಪ್ಪನ ಥರ ಮುಖ ಮಾಡ್ತಾನೆ. ಯಾಕಕ್ಕ, ಓಡಿ ಬಂದ್ರಿ?"

"ಕೆಮ್ಮು ಕೇಳಿಸ್ತು. ನಿದ್ದೆ ಬರಲಿಲ್ಲ," ಎಂದೆ. ಪಕ್ಕ ಕೂರುವ ನೆಪದಲ್ಲಿ ಕೂಸಿಗೆ ಕುಡಿಸುವ ಆ ಪುಟ್ಟ ಬಟ್ಟಲಿಗೆ, ಒಳಲೆಗೆ, ಮೊಣಕೈ ತಾಗಿಸಿದೆ. ಮದ್ದು ನೆಲಕ್ಕೆ ಚೆಲ್ಲಿತು.

"ಅಯ್ಯೋ ಹೋಯ್ತು ಬುಡಿ," ಎಂದು ದಿವ್ಯ ನಕ್ಕಳು.

ಎರಡು ಸಲ ನೆಕ್ಕಿದ್ದಾನೆ. ಎಷ್ಟು ಒಳಗೆ ಹೋಗಿದೆ? ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದ್ದವಳು ನಾನು. ಉಮ್ಮತ್ತಿ ಒಳಗೆ ಹೋದರೆ ಬಾಯಿ ಒಣಗುತ್ತದೆ, ಮುಖ ಕೆಂಪಾಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ. ಕೂಸಿನ ಕೆನ್ನೆ ಕೆಂಪಗಿತ್ತು. ಕೆಮ್ಮಿಗಿರಬಹುದು. ಅಲ್ಲದೆಯೂ ಇರಬಹುದು. ಈಗಲೇ ಹೇಳಿದರೆ ಆಸ್ಪತ್ರೆಗೆ ಓಡಬಹುದು. ಬಾಯಿ ತೆರೆದೆ. ಕೆಳಗೆ ಬಲ್ಬಿನಡಿ ಕೂತಿದ್ದ ಅತ್ತೆಯ ಮುಖ ಅಡ್ಡ ಬಂತು. ಬೆಳಕು ಬಿಟ್ಟು ಕಣ್ಣು ನೋಡುತ್ತೇನೆ, ಪಾಪೆ ಕುಗ್ಗದಿದ್ದರೆ ಆ ಕ್ಷಣವೇ ಹೇಳುತ್ತೇನೆ ಎಂದು ನನಗೆ ನಾನೇ ಅಂದುಕೊಂಡೆ. ಎಂಥ ಕೆಟ್ಟ ಪಂಥವೆಂದು ಆಗಲೂ ಗೊತ್ತಿತ್ತು.

"ಕಣ್ಣು ಕೆಂಪಾಗಿದೆಯಾ ನೋಡ್ತೀನಿ," ಎಂದು ಮೊಬೈಲ್ ಟಾರ್ಚ್ ಹಚ್ಚಿ ರೆಪ್ಪೆ ಎತ್ತಿದೆ. ಪಾಪೆ ಸಾಸಿವೆಯಷ್ಟು ಕುಗ್ಗಿತು. ಕೂಸು ಕಿರುಚಿತು. ಆ ಕಿರುಚಾಟ ಕೇಳಿ ಕಣ್ಣಲ್ಲಿ ನೀರು ಬಂತು.

ಆದರೂ ವಿಷ ತಡವಾಗಿ ಏರಬಹುದೆಂದು ಇಳಿದು ಹೋಗಲಾಗಲಿಲ್ಲ. "ನೀನು ಮಲಗು, ನಾನು ನೋಡ್ಕೋತೀನಿ," ಎಂದೆ. ಮತ್ತೆ ಮತ್ತೆ ಕೂಸಿನ ಎದೆಯ ಮೇಲೆ ಕೈಯಿಟ್ಟೆ. ಒಮ್ಮೆ ಉಸಿರು ನಿಂತಂತಾಗಿ ದಿವ್ಯಳ ಭುಜ ಹಿಡಿದು ಅಲುಗಾಡಿಸಲು ಹೋದೆ, ಅಷ್ಟರಲ್ಲಿ ಕೂಸು ನಿಟ್ಟುಸಿರಿಟ್ಟಿತು. ಬೆಳಗಿನ ಜಾವ ಅದು ಎದ್ದು ನನ್ನ ಬೆರಳು ಚೀಪಿತು. ಬೆರಳ ತುಂಬ ಜೊಲ್ಲು. ಒಣಗಿದ ಬಾಯಿಯಲ್ಲ.

ಕೆಳಗೆ ಬಂದಾಗ ಅತ್ತೆ ಹಿತ್ತಲ ಕಟ್ಟೆಯ ಮೇಲೆ ಎರಡೂ ಕಲ್ಲುಗಳನ್ನು ಇಟ್ಟುಕೊಂಡು ಕೂತಿದ್ದರು. ರಾತ್ರಿ ಮಲಗಿದಂತೆ ಕಾಣಲಿಲ್ಲ.

"ಶಿವಾನಿ, ಯಾವುದರಲ್ಲಿ ತೇಯ್ದೆ ನಾನು? ನೆನಪಾಯ್ತಾ ಇಲ್ಲ ಕಣೇ. ಕೂಸು ಎಂಗದೆ?"

"ಚೆನ್ನಾಗಿದ್ದಾನೆ. ಬಿಳೀದ್ರಲ್ಲೇ ತೇಯ್ದಿದ್ರಿ, ನಾನು ನೋಡಿದೆ."

ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ನಾನು ಮೂಲೆಗೆ ಹೋಗಿ ಉಮ್ಮತ್ತಿಯನ್ನು ಬೇರುಸಹಿತ ಕಿತ್ತೆ. ಅವರು ತಡೆಯಲಿಲ್ಲ.

ಕಳೆದ ತಿಂಗಳು ಅತ್ತೆ ಗ್ಯಾಸ್ ಆರಿಸುವುದನ್ನು ಮರೆತಾಗ ನನ್ನ ಗಂಡ ಕೂಗಾಡಿದ್ದರು: "ಇನ್ನೊಂದ್ಸಲ ಹಿಂಗಾದ್ರೆ ಅವ್ವನ್ನ ರೂಮಿಂದ ಆಚೆಗೇ ಬಿಡಲ್ಲ." ಈಗ ಗಂಡ ಹಲ್ಲುಜ್ಜುತ್ತ ಬಾಗಿಲಿಗೆ ಬಂದರು.

"ರಾತ್ರಿಯೆಲ್ಲ ಎಲ್ಲೇ ಹೋಗಿದ್ದೆ?"

ಅದೇ ಹೊತ್ತಿಗೆ ದಿವ್ಯ ಮೆಟ್ಟಿಲ ಮೇಲಿಂದ ಬಗ್ಗಿದಳು. "ಅಜ್ಜೀ, ಕೆಮ್ಮು ಎಷ್ಟೋ ವಾಸಿ! ಇವತ್ತೂ ತೇಯ್ದು ಕೊಡ್ತೀರಾ?"

ಅತ್ತೆ ಸೆರಗಿನ ತುದಿ ಬಿಗಿಯಾಗಿ ಹಿಡಿದು ನನ್ನನ್ನೇ ನೋಡಿದರು.

"ಡಾಕ್ಟರ್‌ಗೆ ತೋರಿಸೋಣ ದಿವ್ಯ, ನಾನೂ ಬರ್ತೀನಿ," ಎಂದೆ. ಆಮೇಲೆ ಗಂಡನ ಕಡೆ ತಿರುಗಿ, "ಕೂಸಿಗೆ ಕೆಮ್ಮು, ನೋಡಲು ಹೋಗಿದ್ದೆ," ಎಂದೆ. ಅವರಿಗಾಗಲಿ, ದಿವ್ಯಳಿಗಾಗಲಿ, ಯಾರಿಗೂ ಇದಕ್ಕಿಂತ ಹೆಚ್ಚು ಹೇಳುವುದಿಲ್ಲವೆಂದು ಆಗಲೇ ನಿರ್ಧರಿಸಿದ್ದೆ.