ಹನ್ನೊಂದು ಸಲ

ಕಿಟ್. ಕಿಟ್.

ರಾತ್ರಿ ಹತ್ತೂವರೆಗೆ ಟಿಪ್ಪಣಿ ಮುಗಿಸಿ ಮನೆಗೆ ಹೊರಟವಳು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ನಿಂತೆ. ಸೂಜಿ ಹಿಡಿಯುವ ಇಕ್ಕಳದ ಹಲ್ಲು ಕಚ್ಚುವ ಸದ್ದು. ಹೊಲಿಗೆ ಅಭ್ಯಾಸದ ಕೋಣೆಯಲ್ಲಿ ಆ ಹೊತ್ತಿಗೆ ಯಾರೂ ಇರುವುದಿಲ್ಲ.

ನಾನು ಡಾಕ್ಟರಲ್ಲ. ಸರ್ಜನ್ನರು ಕಿರಿಯರಿಗೆ ಹೇಗೆ ಕಲಿಸುತ್ತಾರೆಂದು ಆಪರೇಷನ್ ಥಿಯೇಟರಿನ ಮೂಲೆಯಲ್ಲಿ ನಿಂತು ಬರೆದುಕೊಳ್ಳುವುದು, ಆಮೇಲೆ ಅವರ ಜೊತೆ ಕೂತು ಆ ಬಗ್ಗೆ ಮಾತಾಡುವುದು ನನ್ನ ಕೆಲಸ. ಹಾಗೆ ಕೂರಬೇಕಾದ ದಿನದ ಹಿಂದಿನ ರಾತ್ರಿ ನನಗೆ ನಿದ್ದೆ ಹತ್ತುವುದಿಲ್ಲ.

ಅಂದು ಮಧ್ಯಾಹ್ನ ದೊಡ್ಡ ಸರ್ಜನ್ನರಿಗೆ ಹೇಳಿದ್ದೆ: "ಸರ್, ಇವತ್ತು ಒಂದೇ ಆಪರೇಷನ್ನಲ್ಲಿ ಹೊಲಿಗೆ ಕಲೀತಿರೋ ಆ ಹುಡುಗಿ ಕೈಯಿಂದ ಹನ್ನೊಂದು ಸಲ ಇಕ್ಕಳ ತಗೊಂಡ್ರಿ."

"ಹನ್ನೊಂದಾ? ಎರಡೋ ಮೂರೋ ಇರ್ಬೇಕು. ನಿಮ್ಗೆ ಲೆಕ್ಕ ತಪ್ಪಿದೆ, ಬಿಡಿ."

ವಿಡಿಯೊ ಹಾಕಿ ತೋರಿಸಿದೆ. ಮುಖಗಳಿಲ್ಲ, ಬರೀ ಕೈಗಳು. ಆರನೇ ಸಲಕ್ಕೆ ಅವರು ಕನ್ನಡಕ ತೆಗೆದರು. "ಅವಳು ತಡವರಿಸ್ತಾಳೆ. ಅಲ್ಲಿ ಮಲಗಿರೋದು ಮನುಷ್ಯ ಕಣಮ್ಮ, ದಿಂಬಲ್ಲ" ಎಂದು ಎದ್ದುಹೋದರು.

ಅವರಿಗೆ ಹೇಳದ ಸಂಗತಿ ಒಂದಿತ್ತು. ಆ ಹುಡುಗಿ, ನರ್ಸುಗಳ ಬಾಯಲ್ಲಿ ಗುಬ್ಬಿ, ಸರ್ಜರಿ ಬಿಡುತ್ತೇನೆಂದು ಬರೆದ ಪತ್ರ ನನ್ನ ಚೀಲದಲ್ಲಿತ್ತು. "ನಾಳೆ ಬೆಳಿಗ್ಗೆ ಆಫೀಸಿಗೆ ಕೊಟ್ಬಿಡಿ ಅಕ್ಕಾ. ಕೊಡೋಕೂ ನಂಗೆ ಧೈರ್ಯ ಇಲ್ಲ" ಎಂದಿದ್ದಳು.

ಬಾಗಿಲ ಗಾಜಿನಲ್ಲಿ ಇಣುಕಿದೆ. ದೊಡ್ಡ ಸರ್ಜನ್ನರು ಎಡಗೈಯಲ್ಲಿ ಇಕ್ಕಳ ಹಿಡಿದು ಸ್ಪಂಜಿನ ತುಂಡನ್ನು ಹೊಲಿಯುತ್ತಿದ್ದರು. ಮೂವತ್ತು ವರ್ಷ ಬಲಗೈಯಲ್ಲಿ ದುಡಿದ ಮನುಷ್ಯ! ಪಕ್ಕದಲ್ಲಿ ಗುಬ್ಬಿ, ರಾತ್ರಿ ಡ್ಯೂಟಿಯಲ್ಲಿದ್ದವಳನ್ನು ಅವರೇ ಕರೆಸಿರಬೇಕು.

"ಥೂ, ಈ ಕೈ ನಂದೇನಾ?"

"ಮಣಿಕಟ್ಟು ತಿರುಗಿಸಿ ಸರ್."

"ತಿರುಗಿಸ್ತಾನೇ ಇದೀನಲ್ಲಮ್ಮ!"

"ಇಲ್ಲ ಸರ್, ಭುಜ ತಿರುಗಿಸ್ತಿದೀರಿ."

ಸೂಜಿ ಮತ್ತೆ ಜಾರಿತು. ಗುಬ್ಬಿಯ ಕೈ ತಾನಾಗಿ ಮುಂದೆ ಬಂದು ಇಕ್ಕಳ ಹಿಡಿಯಿತು. ಅವರು ಆಟಿಕೆ ಬಿಡದ ಮಗುವಿನಂತೆ ಅದನ್ನು ಹಿಂದಕ್ಕೆಳೆದುಕೊಂಡರು. "ಕಿತ್ಕೋಬೇಡ! ಇನ್ನೊಂದ್ಸಲ ನೋಡ್ತೀನಿ."

ಹೇಳಿದವರೇ ತಮ್ಮ ಮುಷ್ಟಿಯಲ್ಲಿದ್ದ ಇಕ್ಕಳವನ್ನು ನೋಡಿಕೊಂಡರು.

"ಹನ್ನೊಂದು ಸಲವಂತೆ" ಎಂದರು. "ನೀನಾದ್ರೂ ಹೇಳ್ಬಾರ್ದಾ?"

"ಯಾರಿಗೆ, ನಿಮ್ಗಾ ಸರ್?"

ಅವರು ನಕ್ಕುಬಿಟ್ಟರು. ಗುಬ್ಬಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಈಗ ಹಾಕಿ. ಮುಟ್ಟಲ್ಲ."

"ನಾಳೆ ನಾನೂ ಹೀಗೇ ನಿಲ್ತೀನಿ."

"ಥಿಯೇಟರಲ್ಲಿ ಬೆನ್ನ ಹಿಂದೆ ಕೈ ಇಟ್ರೆ ಕೈ ಮೈಲಿಗೆ ಅಂತ ಸಿಸ್ಟರ್ ಹೊರಗೆ ಹಾಕ್ತಾರೆ ಸರ್!"

"ಎದೆ ಮೇಲೆ ಇಟ್ಕೋತೀನಿ ಬಿಡು. ರಕ್ತ ಚಿಮ್ಮಿದ್ರೆ ಮಾತ್ರ ಕೈ ಹಾಕೋದು. ಆಯ್ತಾ?"

ಅವಳು ತಲೆಯಾಡಿಸಿ, ತೋಳಿನಲ್ಲಿ ಕಣ್ಣೊರೆಸಿಕೊಂಡಳು. ನಾನು ಚಪ್ಪಲಿ ಸದ್ದಾಗದಂತೆ ಮೆಟ್ಟಿಲಿಳಿದೆ.

ಬೆಳಿಗ್ಗೆ ಗುಬ್ಬಿ ಓಡಿ ಬಂದಳು. "ಅಕ್ಕಾ, ಆ ಪತ್ರ ಕೊಟ್ಬಿಟ್ರಾ?"

ಚೀಲದಿಂದ ತೆಗೆದು ಅವಳ ಕೈಗಿಟ್ಟೆ.

ಅಂದಿನ ಆಪರೇಷನ್ನಿನಲ್ಲಿ ದೊಡ್ಡ ಸರ್ಜನ್ನರ ಕೈ ನಾಲ್ಕು ಸಲ ಎದೆಯಿಂದ ಎದ್ದು, ಗಾಳಿಯಲ್ಲೇ ನಿಂತು, ಮರಳಿ ಹೋಯಿತು. ಇಕ್ಕಳ ತೆಗೆದುಕೊಂಡದ್ದು ಒಂದೇ ಸಲ, ಅದೂ "ತಗೊಳ್ಳಲಾ?" ಎಂದು ಕೇಳಿ.

ವಿಭಾಗದ ಮುಖ್ಯಸ್ಥೆ ನನ್ನ ಹಾಳೆ ನೋಡಿ ಹುಬ್ಬೇರಿಸಿದರು. "ನಿನ್ನೆ ಹನ್ನೊಂದು, ಇವತ್ತು ಒಂದು! ರಾತ್ರೋರಾತ್ರಿ ಏನ್ರೀ ಮಂತ್ರ ಹಾಕಿದ್ರಿ?"

ರಾತ್ರಿ ಕಂಡದ್ದನ್ನು ಹೇಳಿದ್ದರೆ ಅವರು ಅದನ್ನು ಎಲ್ಲ ಸರ್ಜನ್ನರಿಗೂ ಪಾಠವೆಂದು ಹಂಚುತ್ತಿದ್ದರು. ಆ ಎಡಗೈಯ ವಕ್ರ ಹೊಲಿಗೆ ಊರ ಬಾಯಿಗೆ ಬೀಳುತ್ತಿತ್ತು.

"ವಿಡಿಯೊ ನೋಡಿದ್ರು ಮೇಡಂ, ಅಷ್ಟೇ" ಎಂದೆ.

ಪತ್ರದ ವಿಷಯ ದೊಡ್ಡ ಸರ್ಜನ್ನರಿಗೂ, ರಾತ್ರಿಯ ವಿಷಯ ಯಾರಿಗೂ, ನನ್ನಿಂದಂತೂ ತಿಳಿಯುವುದಿಲ್ಲ.